ಬಡ್ಡಿಯೂ ಇಂಟರೆಸ್ಟ್, ಆಸಕ್ತಿಯೂ ಇಂಟರೆಸ್ಟ್: ಯಾವುದಕ್ಕೆ ಯಾವ ಕ್ರಿಯಾಪದ?

ಆಲೆಮನೆಯವನು, ಮಂಡ್ಯ: ಸಾಲದ ವಿಚಾರವಾಗಿ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಾ ‘ಗಿವ್ ಇಂಟರೆಸ್ಟ್’ ಎಂದು ಬರೆದೆ. ಹತ್ತನೆಯ ತರಗತಿಯ ಮಗಳು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಡ್ಡಿ ‘ಕೊಡುವುದು’ ತಾನೇ? ನಾನು ಕೊಟ್ಟು ಕೊಟ್ಟೇ ಬೆಂಡಾಗಿದ್ದೇನೆ!

ನಿವೃತ್ತ ಮೇಷ್ಟರು, ಮೈಸೂರು: ಕನ್ನಡದಲ್ಲಿ ಕೊಡುತ್ತೇವೆ, ಕಟ್ಟುತ್ತೇವೆ, ಇಂಗ್ಲಿಷಿನಲ್ಲಿ ‘ಪೇ’. ಬ್ಯಾಂಕು ಬಡ್ಡಿ ಹಾಕಿದರೆ ‘ಚಾರ್ಜ್’, ಠೇವಣಿಗೆ ನಮಗೆ ಬಡ್ಡಿ ಬಂದರೆ ‘ಅರ್ನ್’. ಆಸಕ್ತಿಯಾದರೆ ‘ಟೇಕ್’, ‘ಶೋ’, ‘ಲೂಸ್’. ಮುಂದಿನ ಪುಟ್ಟ ಪದವನ್ನೂ ಗಮನಿಸಿ: ಸಾಲದ ಮೇಲಿನ ಬಡ್ಡಿಗೆ ‘ಆನ್’, ಸಂಗೀತದಲ್ಲಿನ ಆಸಕ್ತಿಗೆ ‘ಇನ್’. ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುತ್ತಿದ್ದುದು ಇಲ್ಲೇ.

ಬ್ಯಾಂಕ್ ಗುಮಾಸ್ತೆ, ಮೈಸೂರು: ಮೇಷ್ಟರೇ, ‘ಇನ್’ ಬಂದ ಮಾತ್ರಕ್ಕೆ ಆಸಕ್ತಿಯೇ ಎಂದು ನಂಬಬೇಡಿ. ಕಂಪನಿಯಲ್ಲಿ ಒಬ್ಬರಿಗೆ ‘ಇಂಟರೆಸ್ಟ್’ ಇದೆ ಎಂದರೆ ಕೆಲವೊಮ್ಮೆ ಪಾಲು ಇದೆ ಎಂದರ್ಥ. ಹವ್ಯಾಸಗಳಿಗಾದರೆ ಬಹುವಚನ ‘ಇಂಟರೆಸ್ಟ್ಸ್’ ಸರಿ. ಬಡ್ಡಿ ಎಷ್ಟೇ ಬೆಳೆದರೂ ಅದಕ್ಕೆ ಏಕವಚನವೇ.

ಆಲೆಮನೆಯವನು: ನನ್ನ ಬಡ್ಡಿಗೆ ಆ ವ್ಯಾಕರಣ ಗೊತ್ತಿಲ್ಲ ಸ್ವಾಮಿ. ಪತ್ರ ತಿದ್ದಿದೆ. ಮಗಳಿಗೆ ಒಂದು ಅಚ್ಚು ಬೆಲ್ಲ ಸಂದಾಯವಾಯಿತು.