ಅಪ್‌ಡೇಟ್: ಮಗಳಿಗೆ ಕೊನೆಗೂ ಹೆಸರು ಸಿಕ್ಕಿತು

ಸುತ್ತಮುತ್ತ ಇನ್ನಾರಿಗೂ ಇರದ, ಆದರೆ ಅಜ್ಜಿಯ ನಾಲಿಗೆಗೂ ಒಗ್ಗುವ ಹೆಸರೊಂದನ್ನು ಮಗಳಿಗೆ ಸೂಚಿಸಿರೆಂದು ಮೂರು ವಾರಗಳ ಹಿಂದೆ ಕೇಳಿದ್ದೆ. ನಾಮಕರಣ ಮುಗಿದಿದೆ, ಅವಳೀಗ ‘ಹೊನಲು’. ಹಳಗನ್ನಡ ಕಾಲದ ಹೆಸರುಗಳನ್ನು ನೋಡಿ ಎಂದವರ ಮಾತಿನಂತೆ ಅತ್ತಿಮಬ್ಬೆಯವರೆಗೂ ಹೋದೆವು. ಕವಿ ರನ್ನನೇ ತನ್ನ ಮಗಳಿಗೆ ಆ ಹೆಸರಿಟ್ಟಿದ್ದನಾದರೂ, ನಮ್ಮ ತೊಟ್ಟಿಲ ಕೂಸಿಗೆ ಅದು ಭಾರವೆನಿಸಿತು. ‘ಬೆಳಗು’ ನನಗೆ ಬಹಳ ಹಿಡಿಸಿತ್ತು, ಆದರೆ ಇಂಗ್ಲಿಷಿನಲ್ಲಿ ಬರೆದೊಡನೆ ಳಕಾರವು ಲಕಾರವಾಗುವುದನ್ನು ಸಹಿಸಲಾಗಲಿಲ್ಲ. ನಿಜವಾಗಿ ನೆರವಾದದ್ದು, ಹೆಸರನ್ನು ಹಿತ್ತಿಲಿನಿಂದ ಹತ್ತು ಬಾರಿ ಕೂಗಿ ನೋಡಿ ಎಂಬ ಸಲಹೆ. ಅಷ್ಟು ಅವಸರಪಡಬೇಕಿರಲಿಲ್ಲವೆಂಬುದು ಆಮೇಲೆ ತಿಳಿಯಿತು: ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ. ಅಂದಹಾಗೆ, ಅಜ್ಜಿ ಆಗಲೇ ಅದನ್ನು ‘ಹೊನ್ನು’ ಎಂದು ಮೊಟಕುಗೊಳಿಸಿದ್ದಾರೆ.