ಏಳನೇ ತರಗತಿಯ ಓದಿನ ಚಾರ್ಟಿಗೆ: ‘ಅನುಮಾನ’ವೋ ‘ಊಹೆ’ಯೋ?

(ಗಡಿನಾಡ ಕನ್ನಡಿಗರ ಚರ್ಚೆ. ಮಾತಾಡುವವರನ್ನು ಊರಿನ ಹೆಸರಿನಿಂದ ಗುರುತಿಸಿದೆ: ಅಕ್ಕಲಕೋಟೆ ಮಹಾರಾಷ್ಟ್ರದ್ದು, ಉಳಿದವು ಕೇರಳದ ಕಾಸರಗೋಡಿನವು.)

ಕುಂಬಳೆ:
ಯು.ಪಿ. (ಹಿರಿಯ ಪ್ರಾಥಮಿಕ) ಕನ್ನಡ ವಿಭಾಗಕ್ಕೆ ಓದಿನ ಕೌಶಲಗಳ ಫ್ಲೆಕ್ಸ್ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮಲಯಾಳ ಕರಡಿನಲ್ಲಿ ‘ಅನುಮಾನಂ’ ಎಂದಿದೆ. ಪಾಠದಲ್ಲಿ ಬಾಯಿಬಿಟ್ಟು ಹೇಳದ್ದನ್ನು ಅಲ್ಲಿನ ಸುಳಿವು ಹಿಡಿದು ಕಂಡುಕೊಳ್ಳುವುದು, ಅಂದರೆ ಇನ್ಫರೆನ್ಸ್. ‘ಅನುಮಾನಿಸಿ ಬರೆಯಿರಿ’ ಎಂದರೆ ಮಕ್ಕಳು ‘ಯಾರ ಮೇಲೆ?’ ಅಂತಾರೆ. ‘ಊಹಿಸು’ ಮೇಲಿನ ಸಾಲಿನ ‘ಕಥೆ ಮುಂದೇನಾದೀತು’ ಎಂಬುದಕ್ಕೆ ಖರ್ಚಾಗಿದೆ. ಒಂದೇ ಸಾಲಿಗೆ ಹಿಡಿಯುವ ಕ್ರಿಯಾಪದ ಬೇಕು.

ಪೆರ್ಲ:
ಅನುಮಾನವೇ ಸರಿ. ನ್ಯಾಯದರ್ಶನ ಹೇಳುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಅರಿವಿನ ದಾರಿಗಳಲ್ಲಿ, ಎರಡನೆಯದು. ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎನ್ನುವುದು. ಸಂಶಯವೆಂಬ ಅರ್ಥ ಬಳಕೆಯ ಸೋಮಾರಿತನ. ‘ಗುಮಾನಿ’ಯೂ ಅದರದೇ ತದ್ಭವ. ಮಕ್ಕಳಿಗೆ ಮೂಲಾರ್ಥ ಕಲಿಸಿ.

ಅಕ್ಕಲಕೋಟೆ:
ಗುಮಾನಿ ಪಾರಸಿಯ ‘ಗುಮಾನ್’. ತದ್ಭವ ಅಲ್ಲ. ಮರಾಠಿ, ಮಲಯಾಳಗಳಲ್ಲಿ ಅನುಮಾನಕ್ಕೆ ತರ್ಕದ ಅರ್ಥ ಉಳಿದಿದೆ, ಕನ್ನಡ ತೆಲುಗುಗಳಲ್ಲಿ ಅದು ಸಂಶಯ. ಮರಾಠಿಯಿಂದ ತಿರುಗಿಸುವವರೂ ಬೀಳುವ ಗುಂಡಿ ಇದೇ. ಹಾಕಬೇಡಿ.

ಬದಿಯಡ್ಕ:
ಪದಕ್ಕೆ ಮೊದಲು ಕೆಲಸ ನೋಡಿ ಮಾಸ್ಟ್ರೇ. ‘ಅಜ್ಜಿ ಆಕಾಶ ನೋಡಿದರು. ಅಂಗಳದ ಅಡಕೆಯನ್ನು ಗಡಿಬಿಡಿಯಲ್ಲಿ ಬಾಚಿ ಗೋಣಿಗೆ ತುಂಬತೊಡಗಿದರು.’ ಮಳೆ ಎಂಬ ಮಾತೇ ಇಲ್ಲ. ಮಗು ಮೊದಲು ಸುಳಿವಿನ ಮಾತಿಗೆ ಅಡಿಗೆರೆ ಎಳೆಯಬೇಕು. ಆಮೇಲೆ ತನಗೆ ಗೊತ್ತಿರುವುದನ್ನು ಪಕ್ಕದಲ್ಲಿ ಬರೆಯಬೇಕು: ಒಣಗುತ್ತಿರುವ ಅಡಕೆ ನೆನೆದರೆ ಕೆಡುತ್ತದೆ. ಕೊನೆಗೆ ಎರಡನ್ನೂ ‘ಆದ್ದರಿಂದ’ ಹಾಕಿ ಜೋಡಿಸಬೇಕು. ‘ಊಹಿಸಿ’ ಎಂದರೆ ಮೊದಲ ಹೆಜ್ಜೆಯೇ ಹಾರಿಹೋಗುತ್ತದೆ. ‘ಅಜ್ಜಿಗೆ ಅಡಕೆ ಮಾರಲು ಅವಸರ’ ಎಂದು ಬರೆದವನೂ ಅಂಕ ಕೇಳುತ್ತಾನೆ, ಕೊಡದಿರಲು ದಾರಿಯಿಲ್ಲ. ‘ಹಾಗಾದರೆ ಆಕಾಶ ನೋಡಿದ್ದು ಯಾಕೆ?’ ಎಂದು ತಿರುಗಿ ಕೇಳುವ ಹಕ್ಕು ಪ್ರಶ್ನೆಯ ಮಾತಿನಲ್ಲೇ ಇರಬೇಕು. ‘ಸುಳಿವಿನಿಂದ ತಿಳಿ’ ಎಂದು ಹಾಕಿ.

ಹೊಸಂಗಡಿ:
‘ಸಾಲುಗಳ ನಡುವೆ ಓದು’ ಆಗದೇ?

ಬದಿಯಡ್ಕ:
ಇಂಗ್ಲಿಷಿನ ನೆರಳು. ಸಾಲುಗಳ ನಡುವೆ ಇರುವುದು ಬಿಳಿ ಕಾಗದ.

ಪೆರ್ಲ:
‘ಸುಳಿವಿನಿಂದ ತಿಳಿ’ ವಿವರಣೆ, ಪರಿಭಾಷೆಯಲ್ಲ. ಅನುಮಾನ ಬೇಡವಾದರೆ ‘ನಿಗಮನ’ (ತೀರ್ಮಾನ) ಇದೆ. ವಿಜ್ಞಾನದ ಪ್ರಯೋಗಕ್ಕೆ ಮಲಯಾಳದವರು ಅದನ್ನೇ ಬರೆಯುತ್ತಾರೆ.

ಮುಳ್ಳೇರಿಯ:
ನಿಗಮನ ನ್ಯಾಯದ ಪಂಚಾವಯವಗಳಲ್ಲಿ, ಅಂದರೆ ವಾದದ ಐದು ಅಂಗಗಳಲ್ಲಿ, ಕೊನೆಯದು. ಹೇತು (ಕಾರಣ) ಬಿಟ್ಟು ಬಾಲ ಹಿಡಿದಂತೆ. ಮಲಯಾಳದ ಹೊರೆ ಈಗಿರುವುದೇ ಸಾಕು. ‘ಆಶಯ’ ನೋಡಿ: ಅವರಿಗದು ವಿಚಾರ, ನಮಗೆ ಮನಸ್ಸಿನ ಇಂಗಿತ. ‘ಕವಿತೆಯ ಆಶಯ ಬರೆಯಿರಿ’ ಎಂದರೆ ಒಬ್ಬ ಸಾರಾಂಶ ಬರೆಯುತ್ತಾನೆ, ಇನ್ನೊಬ್ಬ ಕವಿಯ ಉದ್ದೇಶ ಬರೆಯುತ್ತಾನೆ, ತಿದ್ದುವವರಿಗೆ ಇಬ್ಬರೂ ತಪ್ಪಲ್ಲ. ಸಂಸ್ಕೃತವೂ ಬೇಡ. ಅಚ್ಚಗನ್ನಡದಲ್ಲಿ ಸುಳಿವು, ಅರಿಕೆ ಸೇರಿಸಿ ‘ಸುಳಿವರಿಕೆ’ ಎನ್ನಿ.

ಪೆರ್ಲ:
‘ಸುಳಿ, ವರಿಕೆ’ ಎಂದು ಒಡೆದು ಹಲಸಿನ ಯಾವುದೋ ಜಾತಿ ಅಂದುಕೊಂಡಾರು. ಸಂಸ್ಕೃತ ಬೇಡ, ಮಲಯಾಳ ಬೇಡ, ‘ಫ್ಲೆಕ್ಸ್’ ಮಾತ್ರ ಆದೀತೋ?

ಮುಳ್ಳೇರಿಯ:
ವಸ್ತುವಿನ ಜತೆ ಬಂದ ಹೆಸರು ಬೇರೆ, ಇದ್ದ ಮಾತನ್ನು ತಳ್ಳಿ ಕೂರುವ ಹೆಸರು ಬೇರೆ. ಇಷ್ಟೂ ತಿಳಿಯದಿದ್ದರೆ ಚರ್ಚೆ ಯಾಕೆ?

ಅಕ್ಕಲಕೋಟೆ:
ಎರಡು ತಲೆಮಾರು ಗಡಿಯಲ್ಲಿ ಬದುಕಿದ ಭಾಷೆಗೆ ಆ ಗೆರೆ ಎಳೆಯುವವರು ಯಾರು?

ಕುಂಬಳೆ:
‘ಸುಳಿವಿನಿಂದ ತಿಳಿ’ ಎಂದೇ ಹಾಕಿದೆ. ಅದರಡಿ ಸಣ್ಣಕ್ಷರದಲ್ಲಿ ‘ಯಾವ ಮಾತಿನಿಂದ ಗೊತ್ತಾಯಿತು?’ ಎಂದೂ ಇದೆ. ‘ಆಶಯ’ವಿದ್ದ ಸಾಲನ್ನು ‘ಮುಖ್ಯ ವಿಚಾರ’ ಎಂದು ತಿದ್ದಿದೆ.

ಪೆರ್ಲ:
‘ವಿಚಾರ’ವೂ ಸಂಸ್ಕೃತವೇ. ಮುಳ್ಳೇರಿಯದವರು ಸುಮ್ಮನಿದ್ದಾರೆ.