ಆನ್‌ಲೈನ್ ಪಾಠಕ್ಕೆ ಲೈವ್ ಸ್ಟ್ರೀಮಿಂಗ್ ಸಾಕಾ, ವಿಡಿಯೋ ಮೀಟಿಂಗೇ ಬೇಕಾ?

ಲೆಕ್ಕದ ಟೀಚರ್:
ದೂರಶಿಕ್ಷಣದವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಸುಮಾರು 80 ಜನ ಇದ್ದಾರೆ. ಯೂಟ್ಯೂಬ್ ಲೈವ್‌ನಲ್ಲಿ ಪಾಠ ಎಲ್ಲರಿಗೂ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಪ್ರಶ್ನೆ ಕೇಳಿದರೆ, ಚಾಟ್‌ನಲ್ಲಿ ಉತ್ತರ ಬರುವಷ್ಟರಲ್ಲಿ ನಾನು ಮುಂದಿನ ಲೆಕ್ಕದಲ್ಲಿರುತ್ತೇನೆ. ಯಾವ ಉತ್ತರ ಯಾವ ಲೆಕ್ಕದ್ದು ಅಂತ ಗೊತ್ತಾಗುವುದಿಲ್ಲ! ಮೀಟಿಂಗ್‌ನಲ್ಲಿ ಮಾತುಕತೆ ಸಲೀಸು. ಆದರೆ ನೆಟ್ ಸರಿಯಿಲ್ಲದವರು ಪದೇ ಪದೇ ಕಟ್ ಆಗುತ್ತಾರೆ. ಯಾವುದನ್ನು ಇಟ್ಟುಕೊಳ್ಳಲಿ?

ನೆಟ್‌ವರ್ಕ್ ಕೆಲಸದವ:
ಈ ತಡ ನಿಮ್ಮ ನೆಟ್‌ನಿಂದ ಅಲ್ಲ ಮೇಡಂ. ಲೈವ್ ಸ್ಟ್ರೀಮಿಂಗ್‌ನಲ್ಲಿ ವಿಡಿಯೋವನ್ನು ತುಂಡು ಮಾಡಿ ಕಳಿಸುತ್ತಾರೆ. ಹೀಗೆ ಕಳಿಸುವ ಒಂದು ವಿಧಾನವಾದ ಎಚ್‌ಎಲ್‌ಎಸ್‌ನಲ್ಲಿ ಒಂದು ತುಂಡು ಸಾಮಾನ್ಯವಾಗಿ 6 ಸೆಕೆಂಡ್. ಪ್ಲೇಯರ್ ಅಂಥ ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಶುರು ಮಾಡಿದರೆ ಅಲ್ಲಿಗೇ 18 ಸೆಕೆಂಡ್ ಹೋಯಿತು, ಅಲ್ವಾ? ಆ ದಾಸ್ತಾನು ಇರುವುದರಿಂದಲೇ ನೆಟ್ ಸ್ವಲ್ಪ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ. ಮೀಟಿಂಗ್‌ಗೆ ಅಷ್ಟು ಕಾಯುವ ಹಾಗಿಲ್ಲ. ಕಳೆದುಹೋದ ಡೇಟಾವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ, ಅದಕ್ಕೇ ಮಾತು ತುಂಡಾಗುವುದು.

ಯೂಟ್ಯೂಬ್ ಸೆಟ್ಟಿಂಗ್‌ನಲ್ಲಿ ‘ಅಲ್ಟ್ರಾ ಲೋ ಲೇಟೆನ್ಸಿ’ ಅಂತ ಇದೆ. ಹಾಕಿದರೆ ತಡ ಕಮ್ಮಿಯಾಗುತ್ತದೆ, ಬಫರಿಂಗ್ ಜಾಸ್ತಿಯಾಗಬಹುದು. ಕಮ್ಮಿ ತಡ, ನಿಲ್ಲದ ವಿಡಿಯೋ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕೊನೆ ಬೆಂಚು:
ನಾನು ಕಲಿಯುವ ಕಡೆಯವಳು. 80 ಜನರ ಮೀಟಿಂಗ್‌ನಲ್ಲಿ ಬಾಯಿ ಬಿಡುವವರು ಅದೇ ನಾಲ್ಕೈದು ಮಂದಿ. ಉಳಿದವರೆಲ್ಲ ಮ್ಯೂಟ್. ಅದಕ್ಕೆ ಸುಮ್ನೆ ಯಾಕೆ ಎಲ್ಲರ ಡೇಟಾ ಖರ್ಚು? ಪಾಠ ಸ್ಟ್ರೀಮ್ ಮಾಡಿ. ಡೌಟ್‌ಗೆ ಮಾತ್ರ ಎಂಟು ಹತ್ತು ಜನರ ಮೀಟಿಂಗ್ ಇಡಿ. ಎಲ್ಲರೂ ಕ್ಯಾಮೆರಾ ಹಾಕಲೇಬೇಕು ಅಂತ ದಯವಿಟ್ಟು ಹಟ ಮಾಡಬೇಡಿ. ಧ್ವನಿಗೆ ಸೆಕೆಂಡಿಗೆ 40 ಕಿಲೋಬಿಟ್ ಇದ್ದರೂ ನಡೆಯುತ್ತದೆ, ವಿಡಿಯೋಗೆ ಅದರ ಹತ್ತಾರು ಪಟ್ಟು ಬೇಕು. ದುಡ್ಡು ಹಾಕುವುದಾದರೆ ಮೊದಲು ಮೈಕ್‌ಗೆ ಹಾಕಿ. ಚಿತ್ರ ಮಸುಕಾದರೆ ಸಹಿಸಬಹುದು, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತೇವೆ.

ಇನ್ನೊಬ್ಬ ಮೇಷ್ಟ್ರು:
ಕ್ಯಾಮೆರಾ ಪೂರ್ತಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮುಖ ಬೇಡ, ಸರಿ. ಆದರೆ ಲೆಕ್ಕದಲ್ಲಿ ತಪ್ಪುವುದು ಯಾವುದೋ ಒಂದು ಸಾಲಿನಲ್ಲಿ. ಅದನ್ನು ಬಾಯಲ್ಲಿ ಹೇಳಲು ಅವರಿಗೂ ಬರುವುದಿಲ್ಲ. ಡೌಟ್ ಹೊತ್ತಿನಲ್ಲಿ ಫೋನ್ ಕ್ಯಾಮೆರಾವನ್ನು ನೋಟ್‌ಬುಕ್ ಮೇಲೆ ತಿರುಗಿಸಿ ಬರೆಯಲು ಹೇಳಿ. ಮೈನಸ್ ಎಲ್ಲಿ ಬಿಟ್ಟುಹೋಯಿತು ಅಂತ ತಕ್ಷಣ ಕಾಣುತ್ತದೆ. ನೆಟ್ ಎಳೆಯದಿದ್ದರೆ ಫೋಟೋ ಕಳಿಸಲಿ.

ಲೆಕ್ಕದ ಟೀಚರ್:
ಸರಿ, ಪಾಠ ಸ್ಟ್ರೀಮ್‌ನಲ್ಲಿ, ಡೌಟ್ ಸಣ್ಣ ಗುಂಪಿನಲ್ಲಿ. ಡೌಟ್ ಕ್ಲಾಸನ್ನೂ ರೆಕಾರ್ಡ್ ಮಾಡಲಾ?

ಕೊನೆ ಬೆಂಚು:
ಬೇಡ ಮೇಡಂ. ರೆಕಾರ್ಡ್ ಆಗುತ್ತಿದೆ ಅಂದರೆ ನಾನಂತೂ ಬಾಯಿ ಬಿಡುವುದಿಲ್ಲ.